ಮದುವೆ ವಿಡಿಯೋ ಮೆಷೀನಿಗೆ ಏರ್ ಕೂಲರೇ ಸಾಕು: ಚಿಕ್ಕಮಗಳೂರಿನ ನನ್ನ ಅನುಭವ

ರೈಜೆನ್ 7 5800ಎಕ್ಸ್ ಪ್ರೊಸೆಸರ್, ಮದುವೆ ಸೀಸನ್ನಿನಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ರೆಂಡರ್ (ಎಡಿಟ್ ಆದ ವಿಡಿಯೋವನ್ನು ಕೊನೆಯ ಫೈಲಾಗಿಸುವ ಕೆಲಸ). ಇದಕ್ಕೆ ಜೋಡಿ ಟವರಿನ ಏರ್ ಕೂಲರ್ (ಎರಡು ಲೋಹದ ಗೋಪುರಕ್ಕೆ ಫ್ಯಾನು ಗಾಳಿ ಊದುವಂಥದ್ದು) ಕೂರಿಸುತ್ತೇನೆ ಅಂದಾಗ ಸ್ಟುಡಿಯೋದವರೂ ಒಪ್ಪಲಿಲ್ಲ, ಇಲ್ಲಿ ಅಸೆಂಬಲ್ ಮಾಡುವ ಗೆಳೆಯರೂ ಒಪ್ಪಲಿಲ್ಲ. "ಏಪ್ರಿಲ್ ಬರ್ಲಿ, 90 ಡಿಗ್ರಿಗೆ ಹೋಗಿ ಕೂತ್ಕೊಳುತ್ತೆ ನೋಡು" ಅಂದರು. ಎರಡು ಬೇಸಿಗೆ ಕಳೆಯಿತು. ರೂಮು 31 ಡಿಗ್ರಿ ಇದ್ದ ಮಧ್ಯಾಹ್ನವೂ ಪ್ರೊಸೆಸರ್ 76 ದಾಟಿಲ್ಲ. ಅದೇ ಸ್ಟುಡಿಯೋದ ಎರಡನೇ ಮೆಷೀನಿಗೆ ಅವರೇ ಹಟ ಹಿಡಿದು ಹಾಕಿಸಿದ್ದ 240 ಎಂಎಂ ಲಿಕ್ವಿಡ್ ಕೂಲರ್ (ಪಂಪು ನೀರನ್ನು ಪೈಪಿನಲ್ಲಿ ಓಡಿಸಿ, ಎರಡು ಫ್ಯಾನಿನ ರೇಡಿಯೇಟರಿನಲ್ಲಿ ತಣಿಸುವಂಥದ್ದು) ಮಾತ್ರ ಎರಡು ವರ್ಷ ತುಂಬುವ ಮೊದಲೇ ಸತ್ತಿತು.

ಅದು ಸತ್ತ ಬಗೆ ಹೇಳಬೇಕು. ಮೊದಲು ಆನ್ ಮಾಡಿದ ಕೂಡಲೇ ಗುಳುಗುಳು ಸದ್ದು, ಆಮೇಲೆ ಪಂಪಿನಿಂದ ಟಕಟಕ, ಕೊನೆಗೆ ರೆಂಡರ್ ಶುರುವಾದ ಒಂದೇ ನಿಮಿಷಕ್ಕೆ 90. ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳಕ್ಕೆ ಕಟ್ಟಿದ್ದರು. ಹಾಗೆ ಕಟ್ಟಿದರೆ ಇಡೀ ಲೂಪಿನಲ್ಲಿ ಪಂಪೇ ಎತ್ತರದಲ್ಲಿರುತ್ತೆ, ಇರುವ ಗಾಳಿಯೆಲ್ಲ ಅಲ್ಲೇ ಸೇರುತ್ತೆ. ಪೈಪಿನ ರಬ್ಬರಿನ ಮೂಲಕ ನೀರು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಆರುವುದರಿಂದ ಗಾಳಿ ಹೆಚ್ಚುತ್ತಲೇ ಹೋಗುತ್ತೆ. ಬಿಚ್ಚಿ ನೋಡಿದೆ. ತಾಮ್ರದ ತಟ್ಟೆಯ ಮೇಲಿನ ಕೂದಲೆಳೆಯಂಥ ಗೆರೆಗಳಲ್ಲಿ ಬಿಳಿ-ಹಸಿರು ಪಾಚಿಯಂಥ ಗಸಿ ಅರ್ಧಕ್ಕರ್ಧ ತುಂಬಿತ್ತು. ಉಗುರಲ್ಲಿ ಕೆರೆದರೆ ಬೆಣ್ಣೆಯಂತೆ ಬಂತು. ವಾರಂಟಿ ಇತ್ತು, ಆದರೆ ಬೆಂಗಳೂರಿಗೆ ಕಳಿಸಿ ವಾಪಸ್ ಬರುವಷ್ಟರಲ್ಲಿ ಮೂರು ವಾರ. ಮದುವೆ ಸೀಸನ್ನಿನಲ್ಲಿ ಮೂರು ವಾರ ಮೆಷೀನ್ ನಿಂತರೆ ಆಗುವ ನಷ್ಟ ಯಾವ ವಾರಂಟಿಯಲ್ಲೂ ಬರಲ್ಲ.

ಮೊದಲ ಸಲ ಎರಡನ್ನೂ ಹೋಲಿಸಿದಾಗ ಲೆಕ್ಕ ತಪ್ಪಿದ್ದು ನನ್ನದೇ. ಸಿನೆಬೆಂಚ್ (ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಸ್ಕೋರು ಹೇಳುವ ಟೆಸ್ಟ್) ಹತ್ತು ನಿಮಿಷ ಓಡಿಸಿದೆ, ಲಿಕ್ವಿಡ್ ಏಳೆಂಟು ಡಿಗ್ರಿ ಮುಂದಿತ್ತು. ರೇಡಿಯೇಟರಿನ ನೀರು ಪೂರ್ತಿ ಬಿಸಿಯಾಗಲು ಇಪ್ಪತ್ತು ನಿಮಿಷವಾದರೂ ಬೇಕು, ಅಲ್ಲಿಯವರೆಗೆ ಸಿಗುವ ಅಂಕಿ ನಂಬುವಂಥದ್ದಲ್ಲ. ಅರ್ಧ ಗಂಟೆ ಓಡಿಸಿ, ರೂಮಿನ ಉಷ್ಣತೆ ಕಳೆದು ನೋಡಿದಾಗ ವ್ಯತ್ಯಾಸ ಮೂರು ನಾಲ್ಕು ಡಿಗ್ರಿಗೆ ಇಳಿಯಿತು. ಯಾವ ಸೆಟ್ಟಿಂಗೂ ಬದಲಿಸುವ ಮೊದಲು, ರೂಮು 26 ಇದ್ದಾಗ ಏರ್ 82, ಲಿಕ್ವಿಡ್ 78 ಆಸುಪಾಸು. ಈ ಚಿಪ್ಪಿನ ಎಂಟೂ ಕೋರು (ಲೆಕ್ಕ ಮಾಡುವ ಭಾಗಗಳು) ಸುಮಾರು 80 ಚದರ ಮಿಲಿಮೀಟರಿನಲ್ಲಿವೆ. ಅಷ್ಟು ಸಣ್ಣ ಜಾಗದಿಂದ ಶಾಖ ಮೇಲೆ ಬರುವುದೇ ಕಷ್ಟ, ಮೇಲೆ ಏನು ಕೂರಿಸಿದರೂ ದೊಡ್ಡ ಫರಕಿಲ್ಲ. ನಮ್ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೆ ಲಿಕ್ವಿಡ್ಡೇ ಸರಿ ಅನ್ನುವವರಿದ್ದಾರೆ. ರೇಡಿಯೇಟರ್ ಕೂಡ ಶಾಖ ಬಿಡುವುದು ಅದೇ ಗಾಳಿಗೆ.

ಹಾಗಾಗಿ ಕೈ ಹಾಕಿದ್ದು ಬಯಾಸಿಗೆ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಿಗೆ. ಪಿಪಿಟಿ (ಪ್ರೊಸೆಸರ್ ಎಳೆಯಬಹುದಾದ ವಿದ್ಯುತ್ತಿನ ಮಿತಿ) 142ರಿಂದ 110 ವ್ಯಾಟಿಗೆ ಇಳಿಸಿದೆ, ಕರ್ವ್ ಆಪ್ಟಿಮೈಸರ್ (ಕೋರಿಗೆ ಹೋಗುವ ವೋಲ್ಟೇಜ್ ತಗ್ಗಿಸುವ ಸೆಟ್ಟಿಂಗ್) ಎಲ್ಲ ಕೋರಿಗೂ ಮೈನಸ್ 15, ಚುರುಕಾದ ಎರಡು ಕೋರಿಗೆ ಮಾತ್ರ ಮೈನಸ್ 5. ಶುರುವಿನಲ್ಲಿ ದುರಾಸೆಗೆ ಮೈನಸ್ 30 ಕೊಟ್ಟಿದ್ದೆ. ಸಿನೆಬೆಂಚ್ ಪಾಸಾಯಿತು, ರೆಂಡರೂ ಆಯಿತು, ಸುಮ್ಮನೆ ಕೂತಾಗ ರೀಸ್ಟಾರ್ಟ್! ಹೀಗಾದ ಮೇಲೆ ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ವ್ಹಿಯಾ 18 (ಹಾರ್ಡ್‌ವೇರ್ ದೋಷದ ದಾಖಲೆ) ಕಂಡರೆ ಹೆಚ್ಚಾಗಿ ಇದೇ ಕಾರಣ, ಲೋಡ್ ಟೆಸ್ಟಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಈಗ ಸಿನೆಬೆಂಚ್ ಸ್ಕೋರು 15,200ರಿಂದ 14,700ಕ್ಕೆ ಬಂದಿರಬಹುದು, ಒಂದು ಗಂಟೆಯ ರೆಂಡರಿಗೆ ಎರಡು ನಿಮಿಷ ಜಾಸ್ತಿ. ಶಾಖ ಮಾತ್ರ 82ರಿಂದ 70ಕ್ಕೆ. ಫ್ಯಾನ್ ಕರ್ವಿನ (ಎಷ್ಟು ಶಾಖಕ್ಕೆ ಫ್ಯಾನು ಎಷ್ಟು ವೇಗ ಅನ್ನುವ ಸೆಟ್ಟಿಂಗ್) ನನ್ನ ಪಾಯಿಂಟುಗಳು ನನ್ನ ಹತ್ತಿರವೇ ಇರಲಿ, ಅದಕ್ಕೆ ಎರಡು ತಿಂಗಳು ಕೂತಿದ್ದೇನೆ.

ದುಡ್ಡಿನ ಲೆಕ್ಕ: ಲಿಕ್ವಿಡ್ಡಿಗೆ 7,800 ಕೊಟ್ಟಿದ್ದರು, ಏರ್ ಕೂಲರ್ 3,100ಕ್ಕೆ ಬಂತು. ಉಳಿದ ದುಡ್ಡಲ್ಲಿ ಸುಮಾರು 1,200 ಕ್ಯಾಬಿನೆಟ್ಟಿಗೆ ಎರಡು ಫ್ಯಾನಿಗೆ ಹೋಯಿತು. ಅದು ಬೇಕೇ ಬೇಕಿತ್ತು. ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್ಟಿನಲ್ಲಿ ಯಾವ ಕೂಲರೂ ಉಸಿರಾಡಲ್ಲ. ಮುಂದಿನ ಪ್ಯಾನಲ್ ಕಿತ್ತಿಟ್ಟು ಅದೇ ಟೆಸ್ಟ್ ಓಡಿಸಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಬದಲಿಸಬೇಕಾದ್ದು ಕ್ಯಾಬಿನೆಟ್. ನನಗೆ ಎಂಟು ಇಳಿಯಿತು. ಕೊಳ್ಳುವ ಮೊದಲು ಎತ್ತರವನ್ನೂ ಅಳೆಯಿರಿ, ಜೋಡಿ ಟವರುಗಳು 155ರಿಂದ 165 ಎಂಎಂ ಇರುತ್ತವೆ, ಅಗ್ಗದ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಮುಚ್ಚಲ್ಲ.

ಎಎಂ4 ಬೋರ್ಡಿನಲ್ಲಿ (ಈ ರೈಜೆನ್ ಕೂರುವ ಸಾಕೆಟ್ಟಿನ ಬೋರ್ಡ್) ಹಳೇ ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆಯಬೇಡಿ. ಡಿಸೆಂಬರಿನ ಬೆಳಗ್ಗೆ ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಪೇಸ್ಟ್ ಗಟ್ಟಿಯಾಗಿ, ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುತ್ತೆ, ಪಿನ್ನು ಬಾಗುತ್ತೆ. ಹತ್ತು ನಿಮಿಷ ಲೋಡ್ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಎಡಕ್ಕೂ ಬಲಕ್ಕೂ ತಿರುಚಿ ಆಮೇಲೆ ಎತ್ತಿ. ನನಗೆ ಬಾಗಿದ ಮೂರು ಪಿನ್ನನ್ನು 0.5ರ ಕ್ಲಿಕ್ ಪೆನ್ಸಿಲ್ಲಿನ ಖಾಲಿ ಮೂತಿಯಿಂದ ನೆಟ್ಟಗೆ ಮಾಡಿದೆ, ಇವತ್ತಿಗೂ ಓಡುತ್ತಿದೆ.

ಮಳೆಗಾಲದ ತೇವಕ್ಕೆ ಹೆದರಿ ಕ್ಯಾಬಿನೆಟ್ಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೋಡಿದ್ದೂ ಉಂಟು. ಫ್ಯಾನು ಹೊರಗಿನ ಗಾಳಿಯನ್ನೇ ಎಳೆಯುವಾಗ ಅದು ದಂಡ. ಎರಡೂ ಬಗೆಯ ಕೂಲರ್ ರೂಮಿನ ಉಷ್ಣತೆಗಿಂತ ಕೆಳಗೆ ತಣಿಸಲ್ಲ, ಹಾಗಾಗಿ ಬೆವರುವ ಭಯವಿಲ್ಲ. ಸೊಳ್ಳೆ ಪರದೆ ಕತ್ತರಿಸಿ ಫಿಲ್ಟರ್ ಮಾಡಿದೆ, ಧೂಳು ಸಲೀಸಾಗಿ ತೂರಿತು. ನೈಲಾನ್ ಕಾಲುಚೀಲ ಧೂಳನ್ನೇನೋ ಹಿಡಿಯಿತು, ಆದರೆ ವಾರಕ್ಕೇ ಕಟ್ಟಿಕೊಂಡು ಶಾಖ ಆರು ಡಿಗ್ರಿ ಏರಿತು.

ಮೂಡಿಗೆರೆ, ಸಕಲೇಶಪುರದ ಕಡೆ ಡೆಲಿವರಿಗೆ ಹೋಗುವಾಗ ಕ್ಯಾಬಿನೆಟ್ಟನ್ನು ಮಲಗಿಸಿಯೇ ಒಯ್ಯಬೇಕು, ಬೋರ್ಡ್ ಕೆಳಗೆ, ಕೂಲರ್ ಮೇಲೆ. ಒಂದು ಕಿಲೋ ಹತ್ತಿರದ ಲೋಹ ಅಡ್ಡಲಾಗಿ ನೇತಾಡುತ್ತ ಗುಂಡಿ ಹಾರಿದರೆ ಬೋರ್ಡ್ ತಡೆಯಲ್ಲ. ಈ ಒಂದು ವಿಷಯದಲ್ಲಿ ಲಿಕ್ವಿಡ್ ಹಗುರ, ಒಪ್ಪುತ್ತೇನೆ.

253 ವ್ಯಾಟ್ ಎಳೆಯುವ 14900ಕೆ, 230 ವ್ಯಾಟಿನ 7950ಎಕ್ಸ್‌ನಂಥ ಪ್ರೊಸೆಸರ್ ಇಟ್ಟುಕೊಂಡು ಮಿತಿ ಇಳಿಸದೆ ದಿನವಿಡೀ 3ಡಿ ರೆಂಡರ್ ಮಾಡುವವರಿಗೆ ನಾನೇ 360 ಎಂಎಂ ಲಿಕ್ವಿಡ್ ಹಾಕಿಕೊಡುತ್ತೇನೆ. ರೇಡಿಯೇಟರ್ ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ, ಪಂಪಿನ ವೈರು ಬೋರ್ಡಿನಲ್ಲಿ ಪೂರ್ತಿ ವೇಗ ಕೊಡುವ ಹೆಡರಿಗೆ (ವೈರು ಚುಚ್ಚುವ ಪಿನ್ನುಗಳ ಜಾಗ).

ಕಾಫಿ ಒಣಗಿಸುವ ದಿನಗಳಲ್ಲಿ ಕಣದ ಹೊಟ್ಟು, ಕೆಂಪು ಧೂಳು ಎರಡೂ ಸೇರಿ ಬರುತ್ತೆ. ಟವರಿನ ಫ್ಯಾನಿಗೆ ಎರಡು ತಂತಿ ಕ್ಲಿಪ್, ಬೆರಳಲ್ಲಿ ಕಳಚಿ ಬ್ರಷ್ ಆಡಿಸಿದರೆ ಐದು ನಿಮಿಷದ ಕೆಲಸ. ರೇಡಿಯೇಟರಿನಲ್ಲಿ ಅದೇ ಧೂಳು ಫ್ಯಾನಿನ ಅಡಿಯಲ್ಲಿ ಕಂಬಳಿಯಂತೆ ಕೂತಿರುತ್ತೆ, ಎಂಟು ಸ್ಕ್ರೂ ಬಿಚ್ಚುವವರೆಗೆ ಕಾಣಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಿ, ಗಾಳಿಗೆ ಗಿರ್ರನೆ ತಿರುಗಿದರೆ ಬೇರಿಂಗ್ ಹೋಗುತ್ತೆ. ಫೆಬ್ರವರಿ ಕೊನೆಗೆ ಒಮ್ಮೆ, ಮಳೆ ಹಿಡಿಯುವ ಮುಂಚೆ ಒಮ್ಮೆ ಸಾಕು.