ಪಾದಯಾತ್ರೆಗೆ ಹೊರಟವರೇ, ತೊಡೆಸಂದಿನ ಉರಿಯನ್ನು ಕಡೆಗಣಿಸಬೇಡಿ

ಮಂಡ್ಯದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಅಣ್ಣತಮ್ಮಂದಿರಿಗೆ ಒಂದು ಮಾತು. ಹೇಳಿಕೊಳ್ಳಲು ನಾಚಿಕೊಂಡು ನರಳುವವರೇ ಹೆಚ್ಚು, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಸಲ ನಾನು ಬಿಗಿಯಾದ ಜೀನ್ಸ್ ತೊಟ್ಟು ಹೊರಟಿದ್ದೆ. ಬೆಟ್ಟದ ತಪ್ಪಲಿನ ತಾಳಬೆಟ್ಟ ತಲುಪುವಷ್ಟರಲ್ಲಿ ತೊಡೆಸಂದು ಕೆಂಪಾಗಿ, ಬೆವರಿನ ಉಪ್ಪು ತಾಗಿದರೆ ಸಾಕು, ಖಾರ ಹಚ್ಚಿದಂತೆ ಉರಿಯುತ್ತಿತ್ತು. ಕಾಲು ಅಗಲಿಸಿಯೇ ಬೆಟ್ಟ ಹತ್ತಿದೆ.

ಒದ್ದೆ ಚರ್ಮ ಒಂದಕ್ಕೊಂದು ಉಜ್ಜುವುದೇ ಮೂಲ. ಹೊರಡುವ ಮುನ್ನ ತೊಡೆಯ ಒಳಭಾಗಕ್ಕೆ ತೆಳುವಾಗಿ ವ್ಯಾಸಲಿನ್ ಸವರಿ. ತೊಡೆಯವರೆಗೂ ಇಳಿಯುವ ಒಳಚಡ್ಡಿ, ಮೇಲೆ ಪಂಚೆ ಅಥವಾ ಸಡಿಲ ಪ್ಯಾಂಟ್ ಇರಲಿ. ಬೆವರಿಗೆ ನೆನೆದ ಚಡ್ಡಿಯನ್ನು ತಂಗಿದಲ್ಲೆಲ್ಲ ಬದಲಿಸಿ. ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ನಡೆಯುವುದಂತೂ ಬೇಡವೇ ಬೇಡ. ಸ್ನಾನವಾದ ಮೇಲೆ ಸಂದನ್ನು ಉಜ್ಜದೆ, ಒತ್ತಿ ಒರೆಸಿ.

ಅಂಚು ಉಬ್ಬಿ, ಉಂಗುರದಂತೆ ಹರಡಿ ತುರಿಸಿದರೆ ಅದು ಹುಳುಕಡ್ಡಿಯಿರಬಹುದು. ಆಗ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಅಂಗಡಿಯಲ್ಲಿ ಕೇಳಿ ತಂದು ಹಚ್ಚಬೇಡಿ. ತುರಿಕೆ ಎರಡು ದಿನ ಅಡಗುತ್ತದೆ, ಸೋಂಕು ಮಾತ್ರ ಒಳಗೊಳಗೇ ಹಬ್ಬುತ್ತದೆ. ಚರ್ಮರೋಗ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಒಂದು ದಿನವೂ ತಡಮಾಡಬೇಡಿ.