ಹೊಸ ಎಸಿಗೆ ಗ್ಯಾಸ್: ಗೇಜ್ ನೋಡಿ ಅಲ್ಲ, ತೂಕ ಮಾಡಿ

ಹಾಸನ, ಚಿಕ್ಕಮಗಳೂರಲ್ಲಿ ಎಸಿ ಯಾಕೆ ಅಂತ ಕೇಳುವ ಕಾಲ ಹೋಯಿತು. ಏಪ್ರಿಲ್ ಮಧ್ಯಾಹ್ನ ಆರ್‌ಸಿಸಿ ಮನೆಯ ಮೇಲ್ಮಹಡಿಯಲ್ಲಿ ಮಲಗಿದವರಿಗೆ ಉತ್ತರ ಗೊತ್ತು. ಅಂಗಡಿಯಿಂದ ಎಸಿ ಬರುತ್ತದೆ, ಹಿಂದೆಯೇ ಫಿಟ್ ಮಾಡುವ ಹುಡುಗರೂ ಬರುತ್ತಾರೆ. ಬೇಗ ಬೇಗ ಕೆಲಸ ಮುಗಿಸಿ ‘ಗ್ಯಾಸ್ ಸ್ವಲ್ಪ ಕಮ್ಮಿ ಇತ್ತು ಸಾರ್, ಹಾಕಿದೀವಿ’ ಅಂತಾರೆ. ನಿಜವಾಗಿ ಕಮ್ಮಿ ಇತ್ತಾ? ಕೆಲಸದ ಕ್ರಮ ಗೊತ್ತಿದ್ದರೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಬಹುದು.

ನೀವೇ ಸ್ಪ್ಯಾನರ್ ಹಿಡಿಯಲಿ ಅಂತ ಇದನ್ನು ಬರೆಯುತ್ತಿಲ್ಲ. ದ್ರವ ರೂಪದ ಗ್ಯಾಸ್ ಕೈಗೆ ತಾಗಿದರೆ ಚರ್ಮ ಮರಗಟ್ಟಿ ಗಾಯವಾಗುತ್ತದೆ. ಈಗ ಹೆಚ್ಚಾಗಿ ಬರುವ ಆರ್-32 ಎಂಬ ಗ್ಯಾಸಿಗೆ ಬೆಂಕಿ ಹತ್ತಿಕೊಳ್ಳುವ ಗುಣವೂ ಇದೆ.

ಮೊದಲು ಔಟ್‌ಡೋರ್ ಯೂನಿಟ್ಟಿನ ಪಕ್ಕದ ಚೀಟಿ ಓದಿ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಅದರಲ್ಲಿರುತ್ತದೆ. ಹೊಸ ಸ್ಪ್ಲಿಟ್ ಎಸಿಯಲ್ಲಿ ಕಂಪನಿಯವರೇ ಗ್ಯಾಸ್ ತುಂಬಿಸಿ ವಾಲ್ವ್ ಮುಚ್ಚಿ ಕಳಿಸಿರುತ್ತಾರೆ. ಆ ಗ್ಯಾಸ್ ಎಷ್ಟು ಮೀಟರ್ ಪೈಪಿಗೆ ಸಾಕು, ಅದಕ್ಕಿಂತ ಉದ್ದವಾದರೆ ಮೀಟರಿಗೆ ಎಷ್ಟು ಗ್ರಾಂ ಸೇರಿಸಬೇಕು ಎಂಬುದು ಫಿಟ್ಟಿಂಗ್ ಪುಸ್ತಕದಲ್ಲಿರುತ್ತದೆ. ಮೂರು ಮೀಟರ್ ಪೈಪ್ ಹಾಕಿದ ಮನೆಗೆ ಸಾಮಾನ್ಯವಾಗಿ ಒಂದು ಗ್ರಾಂ ಕೂಡ ಬೇಡ.

ಆಮೇಲೆ ಕಾಪರ್ ಪೈಪ್. ತುದಿಗಳ ಮುಚ್ಚಳ ಜೋಡಿಸುವಾಗ ಮಾತ್ರ ತೆಗೆಯಬೇಕು. ಮೂಡಿಗೆರೆ ಕಡೆಯ ಜುಲೈ ತಿಂಗಳಲ್ಲಿ ಪೈಪನ್ನು ಬಾಯಿ ತೆರೆದು ವರಾಂಡದಲ್ಲಿ ಬಿಟ್ಟರೆ ಒಳಗೆಲ್ಲ ಪಸೆ. ಪೈಪ್ ಜೋಡಿಸುವ ಫ್ಲೇರ್ ನಟ್ ಬಿಗಿ ಮಾಡಿದ ಮೇಲೆ ನೈಟ್ರೋಜನ್ ಒತ್ತಡ ಕೊಟ್ಟು, ಜಾಯಿಂಟಿಗೆ ಸೋಪ್ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಬೇಕು. ನೈಟ್ರೋಜನ್ ಬದಲು ಆಕ್ಸಿಜನ್ ಮಾತ್ರ ಯಾವತ್ತೂ ಬೇಡ. ಎಣ್ಣೆ ಜೊತೆ ಸೇರಿದರೆ ಸಿಡಿಯುತ್ತದೆ.

ಈಗ ಮುಖ್ಯ ಕೆಲಸ, ವ್ಯಾಕ್ಯೂಮ್, ಅಂದರೆ ಪಂಪ್ ಹಾಕಿ ಪೈಪಿನ ಒಳಗನ್ನು ಎಳೆದು ಖಾಲಿ ಮಾಡುವುದು. ಪೈಪಿನಲ್ಲಿರುವ ಗಾಳಿ, ಪಸೆ ಎರಡೂ ಹೊರಗೆ ಹೋಗಬೇಕು. ಪಸೆ ಉಳಿದರೆ ಕಂಪ್ರೆಸರ್ ಎಣ್ಣೆ ಕೆಡುತ್ತದೆ, ನಿಧಾನಕ್ಕೆ ಆಮ್ಲ ಹುಟ್ಟುತ್ತದೆ. ಕೆಲವರು ಪಂಪ್ ತರುವುದೇ ಇಲ್ಲ. ಔಟ್‌ಡೋರ್ ವಾಲ್ವ್ ಒಂಚೂರು ತಿರುಗಿಸಿ, ಸುಯ್ ಅಂತ ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳುತ್ತಾರೆ. ಗ್ಯಾಸ್ ಪೋಲಾಗುವುದು ಅಲ್ಲೇ, ಪಸೆಯೂ ಪೂರ್ತಿ ಹೋಗುವುದಿಲ್ಲ. ಇದಕ್ಕೆ ಒಪ್ಪಲೇಬೇಡಿ.

ಇಲ್ಲಿ ನಮ್ಮ ಕಡೆಯವರಿಗೇ ಸೇರಿದ ಒಂದು ವಿಷಯ ಇದೆ. ಮಂಗಳೂರಲ್ಲಿ ಪಂಪ್ ಪೂರ್ತಿ ಎಳೆದರೆ ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಯ ಕೆಳಗೆ 30 ಇಂಚಿನ (ಪಾದರಸದ ಲೆಕ್ಕ) ಹತ್ತಿರ ಬರುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,000 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡವೇ ಕಮ್ಮಿ. ಪಂಪ್ ಎಷ್ಟೇ ಓಡಲಿ, ಮುಳ್ಳು 26–27 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ‘30 ಬರ್ತಿಲ್ಲ, ಲೀಕ್ ಇದೆ’ ಅಂತ ಚೆನ್ನಾಗಿರುವ ಜಾಯಿಂಟ್ ಬಿಚ್ಚುವುದು ಸುಮ್ನೆ ದಂಡ. ಹಾಗಂತ ಮುಳ್ಳು 26ಕ್ಕೆ ಬಂತು ಅಂದ ಮಾತ್ರಕ್ಕೆ ಪಸೆ ಹೋಯಿತು ಅಂತಲೂ ಅಲ್ಲ. ಪೈಪಿನಲ್ಲಿ ಉಳಿದ ಒತ್ತಡವನ್ನೇ ನೇರವಾಗಿ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ ಈ ಗೊಂದಲವೇ ಇಲ್ಲ, ಊರು ಯಾವುದಾದರೂ 500 ಮೈಕ್ರಾನಿಗಿಂತ ಕೆಳಗೆ ಇಳಿಯಬೇಕು. ಅದಿಲ್ಲದಿದ್ದರೆ ಅರ್ಧ ಗಂಟೆಯಾದರೂ ಪಂಪ್ ಓಡಿಸಿ, ಮ್ಯಾನಿಫೋಲ್ಡ್ (ಗೇಜ್ ಸೆಟ್ಟಿನ ವಾಲ್ವ್) ಮುಚ್ಚಿ, ಕಾಫಿ ಕುಡಿದು ಬಂದು ನೋಡಿ. ಮುಳ್ಳು ಇದ್ದಲ್ಲೇ ಇರಬೇಕು.

ಜಾಸ್ತಿ ಗ್ಯಾಸ್ ಬೇಕಿದ್ದರೆ ಈಗಲೇ ಹಾಕುವುದು ಒಳ್ಳೆಯದು, ಪೈಪ್ ವ್ಯಾಕ್ಯೂಮಿನಲ್ಲಿರುವಾಗ. ಉದಾಹರಣೆಗೆ, ಪುಸ್ತಕದಲ್ಲಿ 5 ಮೀಟರಿಗೆ ಸಾಕು, ಮುಂದೆ ಮೀಟರಿಗೆ 15 ಗ್ರಾಂ ಅಂತ ಇದೆ, ನಿಮ್ಮ ಪೈಪ್ 8 ಮೀಟರ್ ಅನ್ನಿ. ಬೇಕಿರುವುದು 45 ಗ್ರಾಂ. ಇದನ್ನು ಕಣ್ಣಳತೆಯಲ್ಲಿ ಹಾಕಲು ಆಗುತ್ತದಾ? ಸಿಲಿಂಡರನ್ನು ಡಿಜಿಟಲ್ ತಕ್ಕಡಿ ಮೇಲೆ ಇಟ್ಟು, ಹೋಸಿನಲ್ಲಿರುವ ಗಾಳಿಯನ್ನು ಚೂರು ಗ್ಯಾಸಿನಿಂದ ಹೊರಗೆ ತಳ್ಳಿ, ಅಂಕಿ ಸೊನ್ನೆ ಮಾಡಿ, 45 ಇಳಿಯುತ್ತಿದ್ದಂತೆ ಮುಚ್ಚಬೇಕು. ನಿಮ್ಮ ಎಸಿಯ ಚೀಟಿಯಲ್ಲಿ ಆರ್-410ಎ ಅಂತ ಇದ್ದರೆ, ಅದು ಎರಡು ಗ್ಯಾಸ್‌ಗಳ ಮಿಶ್ರಣ, ಹಾಗಾಗಿ ಸಿಲಿಂಡರಿನಿಂದ ದ್ರವವಾಗಿಯೇ ಇಳಿಸಬೇಕು.

ನಂತರ ಅಲೆನ್ ಕೀ ಹಾಕಿ ಸಣ್ಣ ಪೈಪಿನ ವಾಲ್ವ್, ಆಮೇಲೆ ದಪ್ಪ ಪೈಪಿನದ್ದು, ಎರಡನ್ನೂ ಪೂರ್ತಿ ತೆರೆಯಬೇಕು.

ಎಸಿ ಶುರು ಮಾಡಿ ಗೇಜ್ ನೋಡಿ ‘ಪ್ರೆಷರ್ ಕಮ್ಮಿ’ ಅನ್ನುವ ಘಟ್ಟ ಬರುವುದು ಈಗ. ಆ ಒತ್ತಡ ಹೊರಗಿನ ಸೆಕೆ ಮೇಲೂ ನಿಂತಿರುತ್ತದೆ. ಚಿಕ್ಕಮಗಳೂರಿನಲ್ಲಿ ಸಂಜೆ ಆರರ ಮೇಲೆ ಗಿರಿ ಕಡೆಯಿಂದ ತಂಗಾಳಿ ಬೀಸುವಾಗ ಮುಳ್ಳು ಕೆಳಗೇ ಇರುತ್ತದೆ, ಗ್ಯಾಸ್ ಸರಿಯಾಗಿದ್ದರೂ. ಇನ್ವರ್ಟರ್ ಎಸಿಯಾದರೆ ಕಂಪ್ರೆಸರ್ ವೇಗದ ಜೊತೆ ಒತ್ತಡವೂ ಏರಿಳಿಯುತ್ತದೆ. ಬೆಂಗಳೂರಿನ ಮಧ್ಯಾಹ್ನದ ಲೆಕ್ಕ ಇಟ್ಟುಕೊಂಡು ಇಲ್ಲಿ ಸಂಜೆ ಗ್ಯಾಸ್ ತುಂಬಿಸಿದರೆ, ಏಪ್ರಿಲ್ ಬಿಸಿಲಿಗೆ ಅದೇ ಎಸಿಯಲ್ಲಿ ಒತ್ತಡ ಮಿತಿ ಮೀರುತ್ತದೆ. ಕರೆಂಟ್ ಬಿಲ್ ಏರುತ್ತದೆ, ತಂಪು ಕಮ್ಮಿಯಾಗುತ್ತದೆ, ಕಂಪ್ರೆಸರಿಗೂ ಪೆಟ್ಟು. ತೂಕ ಮಾಡಿ ಹಾಕಿದ ಗ್ಯಾಸಿಗೆ ಗೇಜ್ ನೋಡಿ ಮತ್ತೆ ಸೇರಿಸಲು ಬಿಡಬೇಡಿ.

ಹೊರಡುವ ಮುಂಚೆ ವಾಲ್ವಿನ ಹಿತ್ತಾಳೆ ಮುಚ್ಚಳಗಳು ಬಿಗಿಯಾಗಿ ಕೂತಿವೆಯಾ ನೋಡಿ. ಎಷ್ಟು ಮೀಟರ್ ಪೈಪ್, ಎಷ್ಟು ಗ್ರಾಂ ಜಾಸ್ತಿ ಹಾಕಿದ್ದು, ಯಾವ ತಾರೀಕು ಎಂದು ಔಟ್‌ಡೋರ್ ಯೂನಿಟ್ಟಿನ ಪಕ್ಕದಲ್ಲೇ ಮಾರ್ಕರಿನಿಂದ ಬರೆಸಿಕೊಳ್ಳಿ. ಮುಂದೆ ಲೀಕ್ ಆಗಿ ಪೂರ್ತಿ ಗ್ಯಾಸ್ ಹೊಸದಾಗಿ ತುಂಬಿಸಬೇಕಾಗಿ ಬಂದರೆ, ಬೇರೆ ಮೆಕ್ಯಾನಿಕ್ ಬಂದರೂ ಈ ಲೆಕ್ಕ ಬೇಕಾಗುತ್ತದೆ.