ಹೆಡರ್ ಕೊಳ್ಳುವ ಮೊದಲು ನಂಬರ್ ಕೇಳಿ: ಕ್ಯಾಲಿಫೋರ್ನಿಯಾದ ಕನ್ನಡಿಗ ಕಾರುಪ್ರಿಯರಿಗೆ

ಊರಲ್ಲಿ ಎಮಿಷನ್ ಟೆಸ್ಟ್ ಹೇಗೆ ನಡೆಯುತ್ತದೆ ಅಂತ ನಮಗೆಲ್ಲ ಗೊತ್ತು. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಒಂದು ಹಳೇ ವ್ಯಾನ್ ನಿಂತಿರುತ್ತದೆ. ಹುಡುಗ ಬಂದು ಸೈಲೆನ್ಸರ್ ಒಳಗೆ ಕೊಳವೆ ತೂರಿಸುತ್ತಾನೆ, ನಂಬರ್ ಪ್ಲೇಟಿನ ಫೋಟೊ ಹೊಡೆಯುತ್ತಾನೆ, ಕಾಗದ ಕೈಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ಸ್ಮಾಗ್ ಚೆಕ್ ಕೂಡ ಇದೇ ತರ ಅಂದುಕೊಂಡಿದ್ದೆ. ಹೊಗೆ ಸರಿಯಾಗಿದ್ದರೆ ಆಯ್ತು, ಬಾನೆಟ್ ಕೆಳಗೆ ಏನಿದ್ದರೆ ಇವರಿಗೇನು ಅಂತ.

ನನ್ನದು 2013ರ ಸುಬಾರು ಬಿಆರ್‌ಝಡ್. 2016ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಎರಡು ಲೀಟರಿನ ಬಾಕ್ಸರ್ ಇಂಜಿನ್, 200 ಹಾರ್ಸ್‌ಪವರ್. ಈ ಕಾರು ಓಡಿಸಿದವರಿಗೆಲ್ಲ ಗೊತ್ತಿರುವ ಒಂದು ಕೊರತೆ ಇದೆ. 3500ರಿಂದ 4500 ಆರ್‌ಪಿಎಂ ನಡುವೆ ಟಾರ್ಕ್, ಅಂದರೆ ಇಂಜಿನ್ನಿನ ಎಳೆತ, ಕುಸಿಯುತ್ತದೆ. ಕಾಲು ಒತ್ತಿದರೂ ಕಾರು ಒಂದು ಕ್ಷಣ ಉಸಿರು ಹಿಡಿದ ಹಾಗೆ ಇರುತ್ತದೆ. ಅದಕ್ಕೆ ಮದ್ದು ಹೆಡರ್ ಅಂತ ಎಲ್ಲರೂ ಹೇಳಿದರು. 2018ರಲ್ಲಿ ಆನ್‌ಲೈನಲ್ಲಿ ತರಿಸಿ ಹಾಕಿಸಿಯೇಬಿಟ್ಟೆ. ಫೋನಿನಲ್ಲಿ ಬೆಲೆ ಕೇಳಿದ ಅಪ್ಪ, "ಒಂದು ಸೈಲೆನ್ಸರ್ ಪೈಪಿಗೆ ಅಷ್ಟು ದುಡ್ಡೇನೋ?" ಅಂದಿದ್ದರು. ಸೈಲೆನ್ಸರ್ ಅಲ್ಲಪ್ಪ ಅಂತ ವಿವರಿಸೋಕೆ ಅರ್ಧ ಗಂಟೆ ಹಿಡಿಯಿತು.

ನಿಮಗೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಂಜಿನ್ನಿನ ಸಿಲಿಂಡರ್‌ಗಳಿಂದ ಹೊರಬರುವ ಸುಟ್ಟ ಗಾಳಿಯನ್ನು ಮೊದಲು ಹಿಡಿಯುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಎಷ್ಟೋ ಕಾರುಗಳಲ್ಲಿ ಅದು ಬೀಡು ಕಬ್ಬಿಣದ ದಪ್ಪ ಎರಕ. ಹೆಡರ್ ಅಂದರೆ ಅದೇ ಕೆಲಸವನ್ನು ಉದ್ದನೆಯ, ನುಣುಪಾದ ಸ್ಟೀಲ್ ಪೈಪುಗಳಲ್ಲಿ ಮಾಡುವುದು. ಪೈಪುಗಳ ಉದ್ದ ಲೆಕ್ಕ ಹಾಕಿ ಇಟ್ಟರೆ, ಒಂದು ಸಿಲಿಂಡರಿನಿಂದ ಹೊರಟ ಗಾಳಿ ಇನ್ನೊಂದರ ಗಾಳಿಯನ್ನು ತನ್ನ ಹಿಂದೆ ಎಳೆದುಕೊಳ್ಳುತ್ತದೆ. ಇಂಜಿನ್ ಹಗುರಾಗಿ ಉಸಿರಾಡುತ್ತದೆ.

ತೊಂದರೆ ಇರುವುದು ಇಲ್ಲೇ. ನನ್ನ ಕಾರಿನಲ್ಲಿ ಮೊದಲನೇ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದು ಹೆಡರಿನ ಒಳಗೇ. ವಿಷದ ಹೊಗೆಯನ್ನು ಶುದ್ಧ ಮಾಡುವ ಡಬ್ಬಿ ಅದು. ಬಿಸಿಯಾದ ಮೇಲಷ್ಟೇ ಕೆಲಸ ಮಾಡುತ್ತದೆ, ಅದಕ್ಕೇ ಕಂಪನಿಯವರು ಇಂಜಿನ್ನಿಗೆ ಅಂಟಿದ ಹಾಗೆ ಇಟ್ಟಿರುತ್ತಾರೆ. ನಾನು ತರಿಸಿದ ಹೆಡರಿನಲ್ಲಿ ಆ ಕ್ಯಾಟ್ ಇರಲೇ ಇಲ್ಲ. ಟಾರ್ಕಿನ ಗುಂಡಿ ತುಂಬಿತು, ಸುಳ್ಳು ಹೇಳಲ್ಲ. ಜೊತೆಗೆ ಸಿಗ್ನಲ್‌ನಲ್ಲಿ ನಿಂತಾಗ ಕಾರಿನ ಒಳಗೆ ಪೆಟ್ರೋಲ್ ವಾಸನೆಯೂ ಬರತೊಡಗಿತು. ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡಿನ ಚೆಕ್ ಇಂಜಿನ್ ದೀಪ ಹತ್ತಿತು. ದೀಪ ಆರಿಸೋಕೆ ಟ್ಯೂನ್, ಅಂದರೆ ಕಾರಿನ ಕಂಪ್ಯೂಟರಿಗೆ ಬದಲಿಸಿದ ಸಾಫ್ಟ್‌ವೇರ್, ಹಾಕಿಸಿದೆ. ಹಳೇ ಹೆಡರನ್ನು ಕ್ಯಾಟ್ ಕೊಳ್ಳುವವನಿಗೆ ಮಾರಿದೆ. ಬುದ್ಧಿವಂತ!

ಆಮೇಲೆ ನಾಲ್ಕು ವರ್ಷ ಯಾರೂ ಏನೂ ಕೇಳಲಿಲ್ಲ. ಹೊಸಬರು ಬೀಳುವ ಹಳ್ಳ ಇದೇ. ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲ್ ಕಾರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಆಗಬೇಕು. ಆದರೆ ಕಾರಿನ ಮೊದಲ ಎಂಟು ಮಾಡೆಲ್ ವರ್ಷ ಅದಕ್ಕೆ ವಿನಾಯಿತಿ. ಬದಲಿಗೆ ರಿಜಿಸ್ಟ್ರೇಶನ್ ಜೊತೆ ಒಂದು ಸಣ್ಣ ಶುಲ್ಕ ಕಟ್ಟುತ್ತೀರಿ. ಕಾರು ಕೈ ಬದಲಾಗುವಾಗಲೂ ಚೆಕ್ ಬೇಕು, ಅಲ್ಲಿ ವಿನಾಯಿತಿ ನಾಲ್ಕು ಮಾಡೆಲ್ ವರ್ಷದವರೆಗೆ ಮಾತ್ರ. ನಾನು ಕೊಂಡಾಗ ಕಾರು ಮೂರು ವರ್ಷದ್ದು. ಹಾಗಾಗಿ ಯಾವ ಬಾಗಿಲಲ್ಲೂ ಯಾರೂ ತಡೆಯಲಿಲ್ಲ. "ನಾಲ್ಕು ವರ್ಷದಿಂದ ಓಡಿಸ್ತಿದೀನಿ, ಏನೂ ಆಗಿಲ್ಲ" ಅಂತ ಯಾರಾದರೂ ಹೇಳಿದರೆ, ಅವರ ಕಾರು ಯಾವ ವರ್ಷದ್ದು ಅಂತ ಕೇಳಿ.

2022ರಲ್ಲಿ ನೋಟಿಸ್ ಬಂತು. ಹೋದೆ. ಕೊಳವೆ ತೂರಿಸುತ್ತಾರೆ ಅಂತ ಕಾಯುತ್ತಿದ್ದೆ. ತೂರಿಸಲೇ ಇಲ್ಲ! 2000 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಸೈಲೆನ್ಸರಿನ ಹೊಗೆಯನ್ನು ಅಳೆಯುವುದೇ ಇಲ್ಲ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಕೇಬಲ್ ಚುಚ್ಚಿ ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ. ಆಮೇಲೆ ಕಣ್ಣಿನಿಂದ ಪರೀಕ್ಷೆ. ಟೆಸ್ಟ್ ಮಾಡುವವ ಟಾರ್ಚ್ ಹಿಡಿದು ಕೆಳಗೆ ಬಗ್ಗಿದ, ಎದ್ದ, ಒಂದೇ ಪ್ರಶ್ನೆ ಕೇಳಿದ: "ಇಓ ನಂಬರ್ ಎಲ್ಲಿ?"

ಇಓ ಅಂದರೆ ಎಕ್ಸಿಕ್ಯೂಟಿವ್ ಆರ್ಡರ್. ಕೊಡುವುದು ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡ್. ಇಲ್ಲಿನವರ ಬಾಯಲ್ಲಿ ಕಾರ್ಬ್. ರಾಜ್ಯದ ವೆಹಿಕಲ್ ಕೋಡಿನ 27156ನೇ ಸೆಕ್ಷನ್ ಪ್ರಕಾರ, ಹೊಗೆ ನಿಯಂತ್ರಣದ ವ್ಯವಸ್ಥೆಯನ್ನು ಬದಲಿಸುವ ಯಾವ ಭಾಗವನ್ನೂ ರಸ್ತೆ ಕಾರಿಗೆ ಮಾರುವಂತಿಲ್ಲ, ಹಾಕುವಂತಿಲ್ಲ, ಕಾರ್ಬ್ ವಿನಾಯಿತಿ ಕೊಟ್ಟಿದ್ದರೆ ಮಾತ್ರ ಸರಿ. ತಯಾರಕರು ಪರೀಕ್ಷೆ ಮಾಡಿಸಿ, ಈ ಭಾಗದಿಂದ ಹೊಗೆ ಹೆಚ್ಚಲ್ಲ ಅಂತ ತೋರಿಸಿದರೆ ಒಂದು ನಂಬರ್ ಸಿಗುತ್ತದೆ, ಡಿ ಅಕ್ಷರದಿಂದ ಶುರುವಾಗುವಂಥದ್ದು. ಹೊಗೆ ಶುದ್ಧವಾಗಿದೆಯೋ ಇಲ್ಲವೋ ಅನ್ನುವುದನ್ನು ನೀವು ವಾದಿಸಿ ಗೆಲ್ಲುವ ಹಾಗಿಲ್ಲ. ಭಾಗಕ್ಕೆ ಕಾಗದ ಇದೆಯಾ, ಅಷ್ಟೇ.

ಇದು ಅತಿಯಾಯ್ತು ಅನಿಸಿತ್ತು ನನಗೂ. ಆಮೇಲೆ ಹಿನ್ನೆಲೆ ಓದಿದೆ. 1940ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಕಣ್ಣು ಉರಿಯುವ ಮಬ್ಬು ಕವಿಯುತ್ತಿತ್ತು. ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚಿದ್ದು ಕ್ಯಾಲ್‌ಟೆಕ್‌ನ ಡಚ್ ಮೂಲದ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್. ಅದಕ್ಕೆ ಮುಂಚೆ ಆತ ಅನಾನಸ್ ಹಣ್ಣಿನ ಪರಿಮಳದಲ್ಲಿ ಏನೇನಿದೆ ಅಂತ ಹುಡುಕುತ್ತಿದ್ದ! ಕಾರಿನ ಹೊಗೆಗೆ ಬಿಸಿಲು ತಾಗಿ ಈ ಮಬ್ಬು ಹುಟ್ಟುತ್ತದೆ ಅಂತ ಆತ ತೋರಿಸಿಕೊಟ್ಟ. 1967ರಲ್ಲಿ ಬೋರ್ಡ್ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನೂ ಅವನೇ.

ಸರಿ, ಕೊಳ್ಳುವಾಗ ಏನು ನೋಡಬೇಕು? ಜಾಹೀರಾತಿನ ಮಾತು ನಂಬಬೇಡಿ. "ಫಿಫ್ಟಿ ಸ್ಟೇಟ್ ಲೀಗಲ್" ಅಂತ ಬರೆದಿದ್ದರೆ ನಂಬರ್ ಕೇಳಿ. "ಕಾರ್ಬ್ ಪೆಂಡಿಂಗ್" ಅಂದರೆ ಇವತ್ತಿಗೆ ಇಲ್ಲ ಅಂತಲೇ ಅರ್ಥ. "ಆಫ್ ರೋಡ್ ಯೂಸ್ ಓನ್ಲಿ" ಅನ್ನುವುದು ನಮ್ಮವರನ್ನು ಜಾಸ್ತಿ ದಾರಿ ತಪ್ಪಿಸುತ್ತದೆ. ಸಕಲೇಶಪುರದ ಎಸ್ಟೇಟ್ ದಾರಿಯಲ್ಲಿ ಜೀಪು ಓಡಿಸುವ ಆಫ್ ರೋಡ್ ಅಲ್ಲ ಅದು. ಸಾರ್ವಜನಿಕ ರಸ್ತೆಗೆ ಇಳಿಸಲೇಬೇಡಿ, ರೇಸ್ ಟ್ರ್ಯಾಕಿಗೆ ಮಾತ್ರ ಅಂತ. ನನ್ನ ಹೆಡರಿನ ಡಬ್ಬದ ಮೇಲೂ ಇದೇ ಮುದ್ರೆ ಇತ್ತು. ಓದಿ ನಕ್ಕಿದ್ದೆ.

ನಂಬರ್ ಸಿಕ್ಕ ಮೇಲೆ ಕಾರ್ಬ್‌ನ ವೆಬ್‌ಸೈಟಿನಲ್ಲಿ ಹುಡುಕಿ, ಆರ್ಡರನ್ನೇ ತೆರೆದು ಓದಿ. ಯಾವ ಕಾರು, ಯಾವ ವರ್ಷ, ಯಾವ ಇಂಜಿನ್ ಅಂತ ಅದರಲ್ಲಿ ಪಟ್ಟಿ ಇರುತ್ತದೆ. ನಿಮ್ಮ ವರ್ಷ ಪಟ್ಟಿಯಲ್ಲಿ ಇಲ್ಲದಿದ್ದರೆ, ಭಾಗ ನಟ್ಟು ಬೋಲ್ಟಿನ ಸಮೇತ ಸರಿಯಾಗಿ ಕೂತರೂ ಅದು ಅಕ್ರಮವೇ. ಭಾಗದ ಜೊತೆ ಬರುವ ಸ್ಟಿಕ್ಕರನ್ನು ಬಾನೆಟ್ ಕೆಳಗೆ ಕಾಣುವ ಜಾಗದಲ್ಲಿ ಅಂಟಿಸಿ, ಅದರ ಫೋಟೊ ಮತ್ತು ರಸೀದಿ ಎತ್ತಿಡಿ.

ಮಸ್ಟ್ಯಾಂಗ್‌ನಂಥ ವಿ8 ಕಾರಿನವರಿಗೆ ಒಂದು ಮಾತು. ಹೆಡರ್‌ಗಳಲ್ಲಿ ಶಾರ್ಟಿ ಮತ್ತು ಲಾಂಗ್ ಟ್ಯೂಬ್ ಅಂತ ಎರಡು ಜಾತಿ. ಶಾರ್ಟಿ ಕ್ಯಾಟನ್ನು ಅದರ ಜಾಗದಲ್ಲೇ ಬಿಡುತ್ತದೆ, ಹಾಗಾಗಿ ಇಓ ಇರುವಂಥವು ಸಿಗುತ್ತವೆ. ಲಾಭ ಕಮ್ಮಿ. ಲಾಂಗ್ ಟ್ಯೂಬ್ ಕ್ಯಾಟನ್ನು ಹಿಂದಕ್ಕೆ ತಳ್ಳುತ್ತದೆ. ಅದು ಬಿಸಿಯಾಗುವುದು ತಡವಾಗುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗಿನ ಹೊಗೆ ಹಾಗೇ ಹೊರಗೆ ಹೋಗುತ್ತದೆ. ಮಜಾ ಜಾಸ್ತಿ ಇರುವುದು ಅದರಲ್ಲೇ, ಕಾಗದ ಸಿಗದಿರುವುದೂ ಅದಕ್ಕೇ.

ಸದ್ದಷ್ಟೇ ಬೇಕು ಅನ್ನುವವರಿಗೆ ಸುಲಭದ ದಾರಿ ಕ್ಯಾಟ್-ಬ್ಯಾಕ್. ಅಂದರೆ ಕೊನೆಯ ಕ್ಯಾಟಿನ ಹಿಂದಿನ ಪೈಪು, ಮಫ್ಲರ್ ಬದಲಿಸುವುದು. ಹೊಗೆಗೆ ಸಂಬಂಧ ಇಲ್ಲದ್ದರಿಂದ ಇಓ ಬೇಡ. ಆದರೆ ಸದ್ದಿಗೆ ಮಿತಿ ಇದೆ, 95 ಡೆಸಿಬಲ್. ನಮ್ಮೂರಲ್ಲಿ ಪೊಲೀಸರು ಬುಲೆಟ್‌ಗಳ ಸೈಲೆನ್ಸರ್ ಕಿತ್ತು ರೋಡ್ ರೋಲರ್ ಹತ್ತಿಸುವ ವಿಡಿಯೊ ನೋಡಿದ್ದೀರಲ್ವಾ? ಇಲ್ಲಿ ಅಷ್ಟು ನಾಟಕ ಇಲ್ಲ, ಚೀಟಿ ಕೊಡುತ್ತಾರೆ. ಅದನ್ನು ಗ್ಲೋವ್ ಬಾಕ್ಸಿನಲ್ಲಿ ಮರೆಯಬೇಡಿ. ಕೊಟ್ಟ ತಾರೀಖಿನೊಳಗೆ ಕೋರ್ಟಿಗೆ ಉತ್ತರಿಸದಿದ್ದರೆ ಅದೇ ಬೇರೆ ಅಪರಾಧವಾಗುತ್ತದೆ. ವೀಸಾದ ಮೇಲಿರುವವರಿಗೆ ಅದು ಬೇಡವೇ ಬೇಡದ ತಲೆನೋವು.

ಟ್ಯೂನ್ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. 2021ರ ಜುಲೈ 19ರಿಂದ ಸ್ಮಾಗ್ ಚೆಕ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಕಂಪನಿಯದ್ದೇನಾ ಅಂತಲೂ ನೋಡುತ್ತಾರೆ. ಬದಲಾಗಿದ್ದರೆ, ಅದಕ್ಕೆ ಇಓ ಇಲ್ಲದಿದ್ದರೆ, ಫೇಲ್. ಹಾಗಾಗಿ ನಾನು ಒಂದೇ ದಿನ ಎರಡು ಸಲ ಫೇಲ್ ಆದೆ, ಒಮ್ಮೆ ಕಣ್ಣಿಗೆ, ಒಮ್ಮೆ ಕೇಬಲ್ಲಿಗೆ. ಹಿಂದಿನ ರಾತ್ರಿ ಹಳೇ ಸಾಫ್ಟ್‌ವೇರ್ ತುಂಬಿಕೊಂಡು ಹೋದರೂ ಉಪಯೋಗವಿಲ್ಲ. ಕಾರಿನ ಕಂಪ್ಯೂಟರ್ ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಿರಬೇಕು. 2000 ಮತ್ತು ಅದರ ನಂತರದ ಪೆಟ್ರೋಲ್ ಕಾರಿಗೆ ಪೆಟ್ರೋಲ್ ಆವಿಯ ಪರೀಕ್ಷೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಪೂರ್ತಿ ಆಗಿರಬೇಕು. ಅದಕ್ಕೆ ಹಲವು ದಿನದ ಓಡಾಟ ಬೇಕಾಗಬಹುದು.

ಕೊನೆಗೆ ಡೀಲರ್ ಹತ್ತಿರ ಕಂಪನಿಯ ಹೆಡರನ್ನೇ ಹೊಸದಾಗಿ ಕೊಂಡೆ. ರೇಸ್ ಹೆಡರಿಗೆ ಕೊಟ್ಟದ್ದರ ಎರಡರಷ್ಟು ಆಯ್ತು. ಹಾಗಾಗಿ ಏನೇ ಬದಲಿಸಿ, ಬಿಚ್ಚಿದ ಭಾಗವನ್ನು ಮಾರಬೇಡಿ. ಗ್ಯಾರೇಜಿನಲ್ಲಿ ಜಾಗ ಇಲ್ಲ ಅಂತ ಮನೆಯವರು ಬೈದರೂ ಸರಿ.

ಡೆಟ್ರಾಯಿಟ್, ಫ್ಲೋರಿಡಾ ಕಡೆಯ ಗೆಳೆಯರು ನಮಗೆ ಟೆಸ್ಟೇ ಇಲ್ಲ ಅಂತ ನಗುತ್ತಾರೆ. ನಿಜ, ಮಿಶಿಗನ್‌ನಲ್ಲೂ ಫ್ಲೋರಿಡಾದಲ್ಲೂ ಹೊಗೆ ಪರೀಕ್ಷೆ ಇಲ್ಲ. ಆದರೆ ಕ್ಯಾಟ್ ಕೀಳುವುದನ್ನು ಕೇಂದ್ರದ ಕ್ಲೀನ್ ಏರ್ ಆಕ್ಟ್ ಇಡೀ ದೇಶದಲ್ಲಿ ತಡೆಯುತ್ತದೆ. ಕೆಲಸ ಬದಲಾಗಿ ಬೇ ಏರಿಯಾಕ್ಕೆ ಬಂದಿರೋ, ಇಲ್ಲಿ ರಿಜಿಸ್ಟರ್ ಮಾಡುವಾಗಲೇ ಸ್ಮಾಗ್ ಸರ್ಟಿಫಿಕೇಟ್ ಕೇಳುತ್ತಾರೆ. ಇಲ್ಲೇ ಹಳೇ ಕಾರು ಕೊಳ್ಳುವುದಾದರೆ, ಸರ್ಟಿಫಿಕೇಟ್ ಕೊಡುವುದು ಮಾರುವವನ ಜವಾಬ್ದಾರಿ, ಅದು 90 ದಿನ ನಡೆಯುತ್ತದೆ. "ನೀವೇ ಮಾಡಿಸ್ಕೊಳ್ಳಿ, 200 ಡಾಲರ್ ಬಿಡ್ತೀನಿ" ಅಂದರೆ ಯಾಕೆ ಬಿಡುತ್ತಿದ್ದಾನೆ ಅಂತ ಕೆಳಗೆ ಬಗ್ಗಿ ನೋಡಿ.

ವಾರಂಟಿ ಬಗ್ಗೆ ಎಲ್ಲರೂ ಹೆದರುತ್ತಾರೆ, ಅಷ್ಟು ಹೆದರಬೇಕಿಲ್ಲ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಪ್ರಕಾರ ಹೊರಗಿನ ಭಾಗ ಇದೆ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ. ಆ ಭಾಗದಿಂದಲೇ ಕೆಟ್ಟಿತು ಅಂತ ಕಂಪನಿಯವರು ತೋರಿಸಬೇಕು. ಆದರೆ ಟ್ಯೂನ್ ಮಾಡಿದ ಇಂಜಿನ್ ಸೀಜ್ ಆದರೆ ಆ ವಾದ ಅವರಿಗೆ ಸುಲಭ. ಇನ್ಶೂರೆನ್ಸ್‌ನವರಿಗೆ ಬದಲಾವಣೆ ತಿಳಿಸಿ. ಲೀಸ್ ಕಾರಿಗೆ ಏನೂ ಹಾಕಲೇಬೇಡಿ.

ದುಡ್ಡು ಎಲ್ಲಿ ಹಾಕಬೇಕು ಅಂತ ಈಗ ಯಾರಾದರೂ ಕೇಳಿದರೆ ಟೈರು ಅನ್ನುತ್ತೇನೆ. ಈ ಕಾರಿಗೆ ಕಂಪನಿ ಹಾಕಿಕೊಟ್ಟಿದ್ದು ಪ್ರಿಯಸ್‌ಗೂ ಬರುತ್ತಿದ್ದ ಮಿಶೆಲಿನ್ ಪ್ರೈಮಸಿ! ಒಳ್ಳೆಯ ಟೈರು, ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್. ಯಾವುದಕ್ಕೂ ಇಓ ಬೇಡ. ಆಮೇಲೆ ವಿಲೋಸ್ ಊರಿನ ಥಂಡರ್‌ಹಿಲ್ ಟ್ರ್ಯಾಕಿನಲ್ಲಿ ಒಂದು ದಿನ ಬುಕ್ ಮಾಡಿ. ಲಗುನಾ ಸೆಕಾ ಆದರೆ ಮೊದಲು ಅವತ್ತಿನ ಸದ್ದಿನ ಮಿತಿ ಎಷ್ಟು ಅಂತ ಕೇಳಿಕೊಳ್ಳಿ. ಅಲ್ಲಿ ಟ್ರ್ಯಾಕಿಗೂ ಡೆಸಿಬಲ್ ಲೆಕ್ಕ ಇದೆ, ಜೋರು ಸೈಲೆನ್ಸರಿನವರನ್ನು ವಾಪಸ್ ಕರೆಸುತ್ತಾರೆ.